ಭಯಕ್ಕೆ ಒಂದು ಎಂ.ಎಲ್. ಗಾಳಿ

ಆಪರೇಷನ್ ಆದ ಮಾರನೆಯ ಬೆಳಿಗ್ಗೆ ವಾರ್ಡಿಗೆ ಹೋದರೆ ರೋಗಿಗಳು ಹೊಲಿಗೆಯ ಮಾತನ್ನು ಆಮೇಲೆ ಎತ್ತುತ್ತಾರೆ. ಮೊದಲು ಕತ್ತಿನ ಮೇಲೆ ಕೈಯಿಟ್ಟುಕೊಂಡು, "ಸಿಸ್ಟರ್, ಗಂಟ್ಲು ಯಾಕಿಂಗಾಗದೆ? ಮೀನಿನ ಮುಳ್ಳು ಸಿಕ್ಕಾಕ್ಕೊಂಡಂಗೆ ಆಯ್ತದೆ" ಎನ್ನುತ್ತಾರೆ. ಅದಕ್ಕೆ ನಾವೆಲ್ಲರೂ ಒಂದೇ ಉತ್ತರ ಕಲಿತಿದ್ದೆವು: "ಎರಡು ದಿನ ಇರುತ್ತೆ, ಬಿಸಿನೀರು ಕುಡೀರಿ." ಎಷ್ಟು ಜನಕ್ಕೆ ಹಾಗೆ ಹೇಳಿದ್ದೇನೋ ನೆನಪಿಲ್ಲ. ಹೇಳುವಾಗ ಅವರ ಮುಖವನ್ನು ಸಹ ನೋಡುತ್ತಿರಲಿಲ್ಲ, ಡ್ರಿಪ್ಪಿನ ಹನಿ ನೋಡುತ್ತಿದ್ದೆ. ಈಗ ಆಪರೇಷನ್ ಥಿಯೇಟರ್ ಕೆಲಸಕ್ಕೆ ಸೇರುತ್ತಿರುವ ಹುಡುಗಿಯರು ತಮಗಾಗಿ ಏನಾದರೂ ಬರೆಯಿರಿ ಎಂದಾಗ ನನಗೆ ನೆನಪಾದದ್ದು ಈ ಎರಡು ದಿನದ ಮಾತೇ.

ನಾನು ಕಾನ್ವೆಂಟಿನಲ್ಲಿ ಓದಿದವಳು. ಕರವಸ್ತ್ರವನ್ನು ನಾಲ್ಕು ಮಡಿಕೆ ಮಾಡುವುದು, ಮೆಲ್ಲಗೆ ಮಾತಾಡುವುದು, ಹೇಳಿದ್ದನ್ನು ಹೇಳಿದ ಹಾಗೆ ಮಾಡುವುದು ಅಲ್ಲಿ ಕಲಿತದ್ದು. ನರ್ಸಿಂಗ್ ಮುಗಿಸಿ, ಮದುವೆಯಾಗಿ ಶ್ರೀರಂಗಪಟ್ಟಣಕ್ಕೆ ಬಂದ ಮೇಲೆ ಹನ್ನೊಂದು ವರ್ಷ ಮನೆ ಬಿಟ್ಟು ಕದಲಲಿಲ್ಲ. ಮಕ್ಕಳು ಶಾಲೆಗೆ ಹೋಗತೊಡಗಿದಾಗ ಶಾಂತರಾಜು ಡಾಕ್ಟರು ಕೆಲಸಕ್ಕೆ ಕರೆದರು. ಅವರು ಅರಿವಳಿಕೆಯ ಡಾಕ್ಟರು. ಜನರ ಬಾಯಲ್ಲಿ 'ಮತ್ತು ಬರ್ಸೋ ಡಾಕ್ಟ್ರು'. ಅವರಿಗೆ ಸ್ವಂತ ಆಸ್ಪತ್ರೆ ಇರಲಿಲ್ಲ. ಒಂದು ಬಿಳಿ ಕಾರು, ಒಂದು ಕರಿ ಪೆಟ್ಟಿಗೆ, ಅಷ್ಟೇ. ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಚಿಕ್ಕ ನರ್ಸಿಂಗ್ ಹೋಮುಗಳು ಫೋನು ಮಾಡಿದರೆ ಹೋಗಿ, ರೋಗಿಗೆ ಮತ್ತು ಬರಿಸಿ, ಎಬ್ಬಿಸಿ, ಪೆಟ್ಟಿಗೆ ಮುಚ್ಚಿಕೊಂಡು ಮುಂದಿನ ಊರಿಗೆ. ಆ ಪೆಟ್ಟಿಗೆ ಹೊಂದಿಸಲು, ರೋಗಿಯ ತಲೆಯ ಪಕ್ಕ ನಿಲ್ಲಲು ಒಬ್ಬರು ಬೇಕಿತ್ತು. ಹೀಗೆ ಇಪ್ಪತ್ತೆರಡು ವರ್ಷ ನನ್ನ ಕೆಲಸದ ಜಾಗ ಅರ್ಧ ಕಾರಿನ ಹಿಂದಿನ ಸೀಟು, ಇನ್ನರ್ಧ ಯಾರದೋ ನೆತ್ತಿಯ ಪಕ್ಕದ ಒಂದೂವರೆ ಅಡಿ ನೆಲ.

ಪೂರ್ತಿ ಮತ್ತು ಬಂದ ಮೇಲೆ ರೋಗಿ ತಾನಾಗಿ ಉಸಿರಾಡುವುದಿಲ್ಲ. ಬಾಯಿಂದ ಶ್ವಾಸನಾಳದೊಳಕ್ಕೆ ಒಂದು ಟ್ಯೂಬು ಇಳಿಸಿ ಯಂತ್ರದಿಂದ ಉಸಿರು ಕೊಡಬೇಕು. ಟ್ಯೂಬಿನ ಒಳತುದಿಗೆ ಕಫ್ ಎಂಬ ಒಂದು ಸಣ್ಣ ಬಲೂನಿರುತ್ತದೆ. ಸಿರಿಂಜಿನಿಂದ ಗಾಳಿ ತುಂಬಿದರೆ ಅದು ಉಬ್ಬಿ ನಾಳದ ಗೋಡೆಗೆ ಅಂಟಿಕೊಳ್ಳುತ್ತದೆ. ಆಗ ಉಸಿರು ಪಕ್ಕದಿಂದ ಸೋರುವುದಿಲ್ಲ, ಹೊಟ್ಟೆಯಲ್ಲಿರುವುದು ಮೇಲೆ ಬಂದರೂ ಶ್ವಾಸಕೋಶಕ್ಕೆ ಇಳಿಯುವುದಿಲ್ಲ. ಒಳಗಿನ ಬಲೂನು ಕಾಣುವುದಿಲ್ಲವಾದ್ದರಿಂದ ಅದರ ಗುರುತಿಗೆ ಹೊರಗೆ, ರೋಗಿಯ ಕೆನ್ನೆಯ ಹತ್ತಿರ, ಹುಣಸೆ ಬೀಜದಷ್ಟು ದೊಡ್ಡ ಇನ್ನೊಂದು ನೀಲಿ ಬಲೂನು ನೇತಾಡುತ್ತದೆ. ಇದು ಎಷ್ಟು ಗಟ್ಟಿಯೋ ಒಳಗಿನದೂ ಅಷ್ಟೇ ಗಟ್ಟಿ. ಆ ಗಾಳಿ ತುಂಬುವ ಕೆಲಸ ನನ್ನದು.

"ಸುಮಿತ್ರಮ್ಮ, ನಿಮ್ಮ ಮೂಗಿನ ತುದಿ ಮುಟ್ಟಿ ನೋಡ್ಕೊಳಿ," ಎಂದು ಶಾಂತರಾಜು ಡಾಕ್ಟರು ಮೊದಲ ದಿನವೇ ಹೇಳಿಕೊಟ್ಟರು. "ಬಲೂನು ಅಷ್ಟೇ ಗಟ್ಟಿ ಇರ್ಬೇಕು. ಹಣೆ ಥರ ಆಯ್ತೋ, ಜಾಸ್ತಿ ಆಯ್ತು ಅಂತ."

ಅಳತೆ ಅಂದರೆ ಅದೊಂದೇ. ಅವರಿಗೂ ಯಾರೋ ಹಾಗೇ ಹೇಳಿಕೊಟ್ಟಿದ್ದರು.

ಮೊದಲ ವರ್ಷ ಸರಿಯಾಗಿಯೇ ನಡೆಯಿತು. ಆಮೇಲೆ ಕೆ.ಆರ್. ಪೇಟೆಯಲ್ಲಿ ಒಬ್ಬ ಹೆಂಗಸಿನ ಗರ್ಭಕೋಶದ ಆಪರೇಷನ್. ನಡುವೆ ಅವರ ಗಂಟಲಿನಿಂದ ಗುಳುಗುಳು ಸದ್ದು ಬಂತು. ಮೊಸರು ಕಡೆಯುವಾಗ ಬರುತ್ತದಲ್ಲ, ಅಂಥ ಸದ್ದು. ನಾನು ಬಗ್ಗಿ ನೋಡುವಷ್ಟರಲ್ಲಿ ಬಾಯಿಯ ಮೂಲೆಯಿಂದ ಹಸಿರು ನೀರು. "ಗಾಳಿ ಎಲ್ರೀ? ಗಾಳಿ!" ಎಂದು ಡಾಕ್ಟರು ಕೂಗಿದರು. ಅವರು ನನ್ನ ಮೇಲೆ ಕೂಗಿದ್ದು ಅದೇ ಮೊದಲು. ಕಫ್ ಸಡಿಲವಾಗಿತ್ತು. ಆಕೆಗೆ ಮೂರು ದಿನ ಜ್ವರ ಬಂದು, ಎದೆಯಲ್ಲಿ ಕಫ ಕಟ್ಟಿ, ಹೇಗೋ ಉಳಿದರು. ಬಿಡುಗಡೆಯಾಗಿ ಹೋಗುವಾಗ ನನಗೆ ಕೈ ಮುಗಿದು ಹೋದರು. ಆ ಕೈ ಮುಗಿದದ್ದನ್ನು ನೋಡಲಾಗದೆ ನಾನು ಲಿನನ್ ಕೋಣೆಗೆ ಹೋಗಿ ಮಡಿಸಿದ ಬಟ್ಟೆಗಳನ್ನೇ ಮತ್ತೆ ಮಡಿಸಿದೆ.

ಅಂದಿನಿಂದ ಮೂಗಿನ ತುದಿಯಷ್ಟು ಗಟ್ಟಿ ಅನ್ನಿಸಿದ ಮೇಲೆ ಇನ್ನೊಂದು ಎಂ.ಎಲ್. ಗಾಳಿ ಸೇರಿಸತೊಡಗಿದೆ. ಯಾರಿಗೂ ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. ಮನಸ್ಸಿನಲ್ಲಿ ಅದಕ್ಕೊಂದು ಹೆಸರೂ ಇಟ್ಟಿದ್ದೆ, ಭಯದ ಎಂ.ಎಲ್. ಅದು ಸೇರಿದ ಮೇಲೆಯೇ ನನ್ನ ಎದೆಬಡಿತ ಇಳಿಯುತ್ತಿತ್ತು. ಸೋರುವ ಸದ್ದು ಮತ್ತೆಂದೂ ಬರಲಿಲ್ಲ. ನಾನು ಕೆಲಸ ಚೆನ್ನಾಗಿ ಕಲಿತೆ ಎಂದುಕೊಂಡೆ.

ಪಾಂಡವಪುರದ ಬಸ್ ಸ್ಟ್ಯಾಂಡಿನ ಮುಂದೆ ನಮ್ಮ ಕಾರು ಹಾದುಹೋಗುವಾಗಲೆಲ್ಲ ಒಂದು ಧ್ವನಿ ಕೇಳುತ್ತಿತ್ತು. "ಜಕ್ಕನಳ್ಳೀ ನಾಗ್‌ಮಂಗ್ಲಾ ನಾಗ್‌ಮಂಗ್ಲಾ! ಚಿನಕುರ್ಳೀ ಕೇರ್‌ಪ್ಯಾಟೇ ಕೇರ್‌ಪ್ಯಾಟೇ!" ಕಾರಿನ ಗಾಜು ಏರಿಸಿದ್ದರೂ ಒಳಗೆ ಬರುತ್ತಿತ್ತು. ಅದು ಖಾಸಗಿ ಬಸ್ಸಿಗೆ ಜನ ಕರೆಯುವ ಬಾಬಣ್ಣನದು. ನಿಜ ಹೆಸರು ಮಹಬೂಬ್, ಊರಿಗೆಲ್ಲ ಬಾಬಣ್ಣ. ಕತ್ತಿಗೆ ಹಳದಿ ಟವೆಲು, ಕಿವಿಯ ಮೇಲೆ ಒಂದು ಪೆನ್ನು. ಆ ಪೆನ್ನಿನಲ್ಲಿ ಅವರು ಬರೆದದ್ದನ್ನು ನಾನು ನೋಡಿಲ್ಲ.

ಒಂದು ಮಧ್ಯಾಹ್ನ ಪಾಂಡವಪುರದ ನರ್ಸಿಂಗ್ ಹೋಮಿನಿಂದ ಅವಸರದ ಫೋನು ಬಂತು. ಅಪೆಂಡಿಕ್ಸ್ ಒಡೆದಿದೆ ಎಂದರು. ಹೋಗಿ ನೋಡಿದರೆ ಮೇಜಿನ ಮೇಲೆ ಬಾಬಣ್ಣ, ಬೆವರಿನಲ್ಲಿ ತೊಯ್ದು ಮಲಗಿದ್ದಾರೆ. ಆ ನೋವಿನಲ್ಲಿಯೂ ಬಾಯಿ ಸುಮ್ಮನಿರಲಿಲ್ಲ.

"ಡಾಕ್ಟ್ರೇ, ನಾಲ್ಕೂವರೆ ನಾಗ್‌ಮಂಗ್ಲದ ಗಾಡಿ ನಂದು. ಅಷ್ಟೊತ್ಗೆ ಬುಟ್ಬುಡ್ತೀರಾ?"

"ಮೊದ್ಲು ಹೇಳಪ್ಪ, ಬೆಳಿಗ್ಗೆಯಿಂದ ಏನು ತಿಂದೆ?"

"ಏನಿಲ್ಲ ಸಾರ್. ಎಲ್ಡು ಬನ್ನು, ಮೂರು ಟೀ. ಆಮ್ಯಾಕೆ ಒಂದು ಪ್ಲೇಟು ಚಿತ್ರಾನ್ನ."

ಡಾಕ್ಟರು ನನ್ನ ಕಡೆ ನೋಡಿದರು. ತುಂಬಿದ ಹೊಟ್ಟೆ. ಹಾಗೆ ಮತ್ತು ಬರಿಸಿದರೆ ತಿಂದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದು ಪ್ರಾಣಕ್ಕೇ ಬರಬಹುದು, ಕಾಯುವಂತೆಯೂ ಇಲ್ಲ. ನನಗೆ ಕೆ.ಆರ್. ಪೇಟೆಯ ಹಸಿರು ನೀರು ಕಣ್ಣಿಗೆ ಕಟ್ಟಿತು. ತಿಂದದ್ದು ಮೇಲೆ ಬಾರದಂತೆ ಬಾಬಣ್ಣನ ಕತ್ತನ್ನು ಒಂದು ಕೈಯಲ್ಲಿ ಒತ್ತಿ ಹಿಡಿದಿದ್ದೆ. ಟ್ಯೂಬು ಇಳಿದ ಕ್ಷಣ ಇನ್ನೊಂದು ಕೈಯಲ್ಲಿ ಗಾಳಿ ತುಂಬಿದೆ. ಮೂಗಿನ ತುದಿಯಷ್ಟು ಆಯಿತು. ಭಯಕ್ಕೊಂದು ಸೇರಿಸಿದೆ. ಅಂದು ಒಂದು ಸಾಲದು ಅನ್ನಿಸಿ ಇನ್ನೂ ಒಂದು.

ಒಡೆದ ಅಪೆಂಡಿಕ್ಸಾದ್ದರಿಂದ ಹೊಟ್ಟೆಯನ್ನೆಲ್ಲ ತೊಳೆಯಬೇಕಾಯಿತು, ಮೂರು ಗಂಟೆ ಹಿಡಿಯಿತು. ಬಾಬಣ್ಣ ಬದುಕಿದರು.

ಮರುದಿನ ಅವರು ಬಾಯಿ ತೆರೆದರೆ ಗಾಳಿ ಮಾತ್ರ ಬಂತು. "ಎರಡು ದಿನ ಇರುತ್ತೆ, ಬಿಸಿನೀರು ಕುಡೀರಿ," ಎಂದೆ. ಎರಡು ದಿನ ಹೋಯಿತು, ವಾರ ಹೋಯಿತು. ಮೈಸೂರಿನ ಕಿವಿ-ಮೂಗು-ಗಂಟಲಿನ ಡಾಕ್ಟರು ನೋಡಿ, ಒಳಗೆ ಊತವಿದೆ, ಗೋಡೆ ಹುಣ್ಣಾಗಿದೆ, ತಾನಾಗಿ ಮಾಯುತ್ತದೆ, ಆದರೆ ಎಷ್ಟು ದಿನ ಎಂದು ಹೇಳಲಾಗದು ಎಂದರು.

ಮುಂದಿನ ಸಲ ಕಾರು ಸ್ಟ್ಯಾಂಡಿನ ಮುಂದೆ ಹೋದಾಗ ಗಾಜು ಇಳಿಸಿದೆ. ಧ್ವನಿ ಇಲ್ಲ. ಬಾಬಣ್ಣ ಅಂಗೈಯಿಂದ ಬಸ್ಸಿನ ಪಕ್ಕೆಯನ್ನು ಬಡಿಯುತ್ತಿದ್ದರು, ಬಾಯಲ್ಲೊಂದು ಪೀಪಿ. ಬಸ್ಸಿನ ಓನರು ನಿಂತು ನಗುತ್ತಿದ್ದರು. "ಏನ್ಲಾ ಬಾಬಾ, ಜನ ಕರೀಲಾ ಅಂದ್ರೆ ಕುರಿ ಮಂದೆ ಹೊಡ್ದಂಗೆ ಪೀಪಿ ಊದ್ತಾ ಇದ್ದೀಯಲ್ಲ! ಬೇರೆ ಊರಲ್ಲಿ ಕೂಗೋ ಪೆಟ್ಗೆ ಹಾಕವ್ರೆ ಕಣ್ಲಾ. ಒಂದ್ಸಲ ಮಾತು ತುಂಬ್ಸಿ ಗುಂಡಿ ಒತ್ತುದ್ರೆ ದಿನವೆಲ್ಲ ಕೂಗ್ತದೆ. ಟೀ ಕೇಳಕಿಲ್ಲ, ಬೀಡಿ ಕೇಳಕಿಲ್ಲ." ಬಾಬಣ್ಣನೂ ನಕ್ಕರು. ನಗುವಿಗೂ ಸದ್ದಿರಲಿಲ್ಲ.

ವಾರಕ್ಕೊಮ್ಮೆ ನಾನು ಅತಿಮಧುರದ ಕಷಾಯ ಮಾಡಿ ಫ್ಲಾಸ್ಕಿನಲ್ಲಿ ಒಯ್ದು ಕೊಡುತ್ತಿದ್ದೆ. ಅದೊಂದು ಅನುಕಂಪ ಎಂದೇ ಆಗ ತಿಳಿದಿದ್ದೆ. ಎರಡು ತಿಂಗಳಿಗೆ ಧ್ವನಿ ಬಂತು. ಕೊನೆಯ ಅಕ್ಷರ ಎಳೆಯುವಾಗ ಸ್ವಲ್ಪ ಸೀಳುತ್ತಿತ್ತು. ಓನರು ಪೆಟ್ಟಿಗೆಯ ಮಾತನ್ನು ಸದ್ಯಕ್ಕೆ ಬಿಟ್ಟರು.

ಮೂರು ವರ್ಷ ಕಳೆದು ಶಾಂತರಾಜು ಡಾಕ್ಟರಿಗೆ ಮಂಡಿ ನೋವು ಬಂದು ಊರೂರು ತಿರುಗುವುದು ನಿಂತಿತು. ಆ ಕಾರು, ಆ ಪೆಟ್ಟಿಗೆ, ಜೊತೆಗೆ ನಾನು, ಮೂರೂ ಡಾಕ್ಟರ್ ಮೇಘನಾ ಅವರ ಪಾಲಿಗೆ ಬಂದೆವು. ನನ್ನ ಮಗಳ ವಯಸ್ಸು, ಕೂದಲನ್ನು ಪೆನ್ಸಿಲ್ ಚುಚ್ಚಿ ಗಂಟು ಹಾಕುತ್ತಿದ್ದರು. ನಾಗಮಂಗಲದಲ್ಲಿ ಅವರ ಜೊತೆ ಮೊದಲ ಕೇಸು. ನಾನು ಗಾಳಿ ತುಂಬಿ ಹಿಂದೆ ಸರಿದೆ. ಅವರು ತಮ್ಮ ಚೀಲದಿಂದ ಅಂಗೈಯಗಲದ ಗಡಿಯಾರದಂಥ, ಗಾಳಿಯ ಒತ್ತಡ ಅಳೆಯುವ ಒಂದು ಮೀಟರು ತೆಗೆದು ನೀಲಿ ಬಲೂನಿಗೆ ಸಿಕ್ಕಿಸಿದರು. ಇಪ್ಪತ್ತರಿಂದ ಮೂವತ್ತರವರೆಗೆ ಹಸಿರು ಪಟ್ಟಿ. ಮುಳ್ಳು ಅದನ್ನು ದಾಟಿ, ಅರವತ್ತು ದಾಟಿ, ತೊಂಬತ್ತರ ಆಚೆ ಹೋಗಿ ನಡುಗಿತು.

"ಸಿಸ್ಟರ್, ಎಷ್ಟು ಗಟ್ಟಿ ಇರ್ಬೇಕು ಅಂತ ಹೇಳಿಕೊಟ್ಟಿದಾರೆ ನಿಮಗೆ?"

"ಮೂಗಿನ ತುದಿಯಷ್ಟು, ಡಾಕ್ಟರ್."

ಅವರು ಬಲೂನು ಮುಟ್ಟಿದರು. ಆಮೇಲೆ ನನ್ನ ಬಲಗೈ ತೆಗೆದುಕೊಂಡು ಗ್ಲೌಸು ಕಳಚಿ ಹೆಬ್ಬೆರಳನ್ನು ಒತ್ತಿ ನೋಡಿದರು. "ಇದೇನು ಇಷ್ಟು ಒರಟಾಗಿದೆ?"

"ಮುದ್ದೆ ಕಟ್ತೀನಲ್ಲ, ಡಾಕ್ಟರ್."

ಹೌದು. ಕಾರು ಬರುವ ಮೊದಲು ಮನೆಯವರಿಗೆಲ್ಲ ಮಧ್ಯಾಹ್ನಕ್ಕೆ ಮುದ್ದೆ ಕಟ್ಟಿಟ್ಟೇ ಹೊರಡಬೇಕು. ಒಲೆಯಿಂದ ಇಳಿಸಿದ ಹಿಟ್ಟನ್ನು ಕೈ ತೇವ ಮಾಡಿಕೊಂಡು ಹಾಗೇ ತಿರುಗಿಸಬೇಕು, ಆರಿದರೆ ಬಿರುಕು ಬಿಡುತ್ತದೆ. ವರ್ಷಗಳ ಮೇಲೆ ನನ್ನ ಹೆಬ್ಬೆರಳು, ತೋರುಬೆರಳುಗಳಿಗೆ ಬಿಸಿಯೂ ತಿಳಿಯುತ್ತಿರಲಿಲ್ಲ, ಮೆತ್ತಗೂ ತಿಳಿಯುತ್ತಿರಲಿಲ್ಲ. ನಮ್ಮ ಮನೆಗಳ ಯಾವ ಹೆಂಗಸಿನ ಬೆರಳೂ ಹೀಗೇ. ಅಂಥ ಬೆರಳಿಗೆ ಮೂಗಿನ ತುದಿ ಅನ್ನಿಸುವುದು ನಿಜಕ್ಕೂ ಹಣೆ. ಅದರ ಮೇಲೆ ಭಯದ ಎಂ.ಎಲ್. ಬೇರೆ.

ಮೇಘನಾ ಡಾಕ್ಟರು ಬೈಯಲಿಲ್ಲ. ಗಾಳಿ ಹಿಂದಕ್ಕೆ ಎಳೆದು ಮುಳ್ಳನ್ನು ಹಸಿರಿಗೆ ತಂದು, ಕಾರಿನಲ್ಲಿ ಬರುವಾಗ ವಿವರಿಸಿದರು. ಬಲೂನು ಅಷ್ಟು ಒತ್ತಿದರೆ ನಾಳದ ಗೋಡೆಗೆ ರಕ್ತ ಹೋಗುವುದೇ ನಿಲ್ಲುತ್ತದೆ, ಅದು ಹುಣ್ಣಾಗುತ್ತದೆ. ಮತ್ತಿಗಾಗಿ ನಾವು ಕೊಡುವ ಅನಿಲವೂ ಮೆಲ್ಲಗೆ ಬಲೂನಿನೊಳಕ್ಕೆ ಇಳಿದು ಅದನ್ನು ಇನ್ನಷ್ಟು ಉಬ್ಬಿಸುತ್ತದೆ. ಆಪರೇಷನ್ ಉದ್ದವಾದಷ್ಟೂ ಕಷ್ಟ. "ಅದಕ್ಕೇ ಅರ್ಧ ಗಂಟೆಗೊಂದ್ಸಲ ಮೀಟರ್ ನೋಡ್ಬೇಕು ಸಿಸ್ಟರ್."

ನಾನು ಹೂಂ ಎನ್ನುತ್ತಿದ್ದೆ. ಕಿಟಕಿಯಾಚೆ ಜಕ್ಕನಹಳ್ಳಿ ಕ್ರಾಸ್ ಬಂದು ಹೋಯಿತು. ನನ್ನ ಕಣ್ಣ ಮುಂದೆ ಮೂರು ಗಂಟೆ ಮಲಗಿದ್ದ ಬಾಬಣ್ಣ, ಅವರ ಕೆನ್ನೆಯ ಪಕ್ಕದ ನೀಲಿ ಬಲೂನು. ಆ ದಿನ ಎರಡು ಸೇರಿಸಿದ್ದೆನಲ್ಲ. ಡಾಕ್ಟರಿಗೆ ಹೇಳಬೇಕೆಂದು ಬಾಯಿಗೆ ಬಂದದ್ದು ಪಾಂಡವಪುರ ದಾಟಿದರೂ ಹೊರಗೆ ಬರಲಿಲ್ಲ.

ಆ ವರ್ಷದಲ್ಲಿ ಕಲಿತದ್ದಕ್ಕಿಂತ ಮರೆಯಬೇಕಾದದ್ದು ಹೆಚ್ಚಿತ್ತು. ಗಂಡಸಿಗೆ ದಪ್ಪ ಟ್ಯೂಬೇ ಬೇಕು ಎಂದು ಕಲಿತಿದ್ದೆವು. ಅರ್ಧ ಅಳತೆ ಸಣ್ಣದಾದರೂ ಉಸಿರಿಗೆ ಏನೂ ಕೊರತೆಯಿಲ್ಲ, ಗಂಟಲಿಗೆ ಎಷ್ಟೋ ಹಿತ. ದೋಸೆಗೆ ಬೆಣ್ಣೆ ಹಚ್ಚಿದಂತೆ ಟ್ಯೂಬಿಗೆ ಮರಗಟ್ಟಿಸುವ ಜೆಲ್ಲಿ ಹಚ್ಚುತ್ತಿದ್ದೆವು. ಅದರಿಂದ ಗಂಟಲು ನೋವು ತಪ್ಪುವುದಿಲ್ಲ, ಕೆಲವರಿಗೆ ಹೆಚ್ಚಾಗುವುದೂ ಉಂಟು. ಕೊನೆಯಲ್ಲಿ ಕಫ ಹೀರುವ ನಳಿಕೆಯನ್ನು ಕಣ್ಣು ಮುಚ್ಚಿ ಗಂಟಲಿಗೆ ತುರುಕುತ್ತಿದ್ದೆವು. ಗಂಟಲಿಗೆ ದೀಪವಿರುವ ಸ್ಕೋಪು ಹಾಕಿ, ನೋಡಿಕೊಂಡು, ಮೆಲ್ಲಗೆ ಹೀರಬೇಕು. ಇವಿಷ್ಟೂ ಸಣ್ಣ ವಿಷಯ. ಆದರೆ ಆ ಸಣ್ಣದನ್ನು ನೋಡಿಕೊಳ್ಳಲು ಥಿಯೇಟರಿನಲ್ಲಿ ಇರುವವರು ನೀವೊಬ್ಬರೇ. ಉಳಿದವರೆಲ್ಲರ ಕಣ್ಣು ಹೊಟ್ಟೆಯ ಮೇಲಿರುತ್ತದೆ.

ಅತಿಮಧುರದ ನೀರಿನಲ್ಲಿ ಆಪರೇಷನ್ನಿಗೆ ಮೊದಲೇ ಬಾಯಿ ಮುಕ್ಕಳಿಸಿದರೆ ಗಂಟಲು ನೋವು ಕಡಿಮೆ ಎಂದು ಮೇಘನಾ ಡಾಕ್ಟರು ಹೇಳಿದಾಗ ನನಗೆ ನಗು ಬಂತು. ಗ್ರಂಧಿಗೆ ಅಂಗಡಿಯ ಆ ಕಡ್ಡಿ ನಮ್ಮ ಅತ್ತೆಯವರ ಡಬ್ಬಿಯಲ್ಲಿ ಯಾವಾಗಲೂ ಇರುತ್ತಿತ್ತು. ಸೋಸಿ ಲೋಟಕ್ಕೆ ಹಾಕಿ ಕೊಡುವ ಕೆಲಸವೂ ನನಗೇ ಬಂತು. ಮೊದಲನೆಯವರು ದೇವಲಾಪುರ ಕಡೆಯ ತಾಯಮ್ಮಜ್ಜಿ. "ಅಜ್ಜಿ, ಇದನ್ನ ಗಂಟಲವರೆಗೂ ಮುಕ್ಕಳಿಸಿ ಉಗೀಬೇಕು," ಎಂದು ಲೋಟ ಕೊಟ್ಟು ಬೇಸಿನ್ನು ತರಲು ತಿರುಗಿದೆ. ತಿರುಗಿ ಬರುವಷ್ಟರಲ್ಲಿ ಅಜ್ಜಿ ಬಲಗೈ ಗುಳಿ ಮಾಡಿಕೊಂಡು ಮೂರು ಸಲ ಕುಡಿದು, ಒದ್ದೆ ಕೈಯನ್ನು ತಲೆಗೆ ಸವರಿಕೊಳ್ಳುತ್ತಿದ್ದರು.

"ಅಯ್ಯೋ, ಉಗೀರಿ ಅಂದ್ನಲ್ಲಜ್ಜಿ!"

"ಔಸ್ದೀನ ಯಾರಾರಾ ಉಗುಳ್ತಾರಾ ಮಗಾ? ತೀರ್ಥ ಇದ್ದಂಗೆ ಅದು. ಉಗುದ್ರೆ ಒಳ್ಳೇದಾದಾತಾ?"

ಖಾಲಿ ಹೊಟ್ಟೆಯ ನಿಯಮ ಮುರಿಯಿತು. ಆಪರೇಷನ್ ಎರಡು ಗಂಟೆ ಮುಂದಕ್ಕೆ ಹೋಯಿತು, ಸರ್ಜನ್ನು ಗಡಿಯಾರ ನೋಡಿ ನೋಡಿ ನನ್ನನ್ನೂ ನೋಡಿದರು. ಅಜ್ಜಿ ಮಾತ್ರ ನಿಶ್ಚಿಂತೆಯಾಗಿ ಕಾಲು ಚಾಚಿಕೊಂಡಿದ್ದರು. ಅಂದಿನಿಂದ ಬೇಸಿನ್ನನ್ನು ಮೊದಲು ಮಡಿಲಿಗಿಟ್ಟು ಆಮೇಲೆ ಲೋಟ ಕೊಡುತ್ತೇನೆ. ನೀವೂ ಹಾಗೇ ಮಾಡಿ.

ನಾನು ನಿವೃತ್ತಿಯಾಗುವುದಕ್ಕೆ ಮೊದಲಿನ ವರ್ಷ ಬಾಬಣ್ಣ ಮತ್ತೆ ಬಂದರು. ಪಿತ್ತಕೋಶದಲ್ಲಿ ಕಲ್ಲು. ಹೊಟ್ಟೆಗೆ ಸಣ್ಣ ತೂತು ಮಾಡಿ ತೆಗೆಯುವ ಆಪರೇಷನ್ನಾದರೂ ಪೂರ್ತಿ ಮತ್ತು ಬರಿಸಲೇಬೇಕು, ಟ್ಯೂಬು ತಪ್ಪಿದ್ದಲ್ಲ. ಟ್ಯೂಬು ಎಂದ ಕೂಡಲೆ ಅವರು ಎರಡು ಸಲ ತಪ್ಪಿಸಿಕೊಂಡು ಹೋಗಿದ್ದರಂತೆ. ಮೂರನೆಯ ಸಲ ನೋವು ತಡೆಯಲಾಗದೆ ಬಂದರು. ಓನರು ಐದು ದಿನದ ರಜ ಕೊಟ್ಟಿದ್ದರು. ಆ ಕೂಗುವ ಪೆಟ್ಟಿಗೆಯನ್ನು ಆಗಲೇ ಕೊಂಡು ತಂದಿಟ್ಟಿದ್ದರು. ಆರನೆಯ ದಿನ ಬಾಬಣ್ಣ ಕೂಗದಿದ್ದರೆ ಪೆಟ್ಟಿಗೆ ಕೂಗುತ್ತದೆ.

ಅವರ ಹೆಂಡತಿ ನೂರ್‌ಜಾನ್ ಮಂಚದ ಪಕ್ಕ ಕಿತ್ತಲೆ ಸುಲಿಯುತ್ತಾ ಕೂತಿದ್ದರು. ನನ್ನನ್ನು ನೋಡಿ ಬಾಬಣ್ಣ ಎದ್ದು ಕೂತರು. "ಬಂದ್ರಾ ಸಿಸ್ಟರ್! ನೀವಿದ್ರೆ ಧೈರ್ಯ ನಂಗೆ. ಓದ್ಸಲ ಯಾರೋ ಏನೋ ಎಡವಟ್ಟು ಮಾಡವ್ರೆ. ಈ ಸಲ ನೀವು ತಲೆ ತಾವ್ಲೇ ಇರ್ಬೇಕು."

ನನ್ನ ಕೈಯಲ್ಲಿ ಅವರ ಕೇಸ್ ಶೀಟಿತ್ತು. ಅದರ ಮೂಲೆಯನ್ನು ಮಡಿಸುತ್ತಾ ಬಿಚ್ಚುತ್ತಾ ನಿಂತೆ. ಮೇಘನಾ ಡಾಕ್ಟರಿಗೆ ಹಿಂದಿನ ದಿನವೇ ಎಲ್ಲ ಹೇಳಿದ್ದೆ. "ಟ್ಯೂಬೂ ದಪ್ಪ ಇತ್ತು, ಅವಸರ ಇತ್ತು, ಮೂರು ಗಂಟೆ ಹಿಡೀತು. ಅದೊಂದೇ ಕಾರಣ ಅಂತ ಹೇಳೋಕಾಗಲ್ಲ ಸಿಸ್ಟರ್," ಎಂದಿದ್ದರು. ಬಾಬಣ್ಣನಿಗೆ ಹೇಳಿ ಎಂದೂ ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ.

"ಬಾಬಣ್ಣ," ಎಂದೆ. "ಹೋದ ಸಲಾನೂ ತಲೆ ಹತ್ರ ಇದ್ದವಳು ನಾನೇ. ಟ್ಯೂಬಿಗೆ ಗಾಳಿ ತುಂಬಿದ್ದು ನಾನು. ಜಾಸ್ತಿ ತುಂಬಿದ್ದೆ. ಹೆದರಿಕೆಗೆ ತುಂಬಿದ್ದೆ. ನಿಮ್ಮ ಗಂಟಲು ಹಾಗಾಗೋಕೆ ಅದೂ ಒಂದು ಕಾರಣ."

ಕಿತ್ತಲೆಯ ಸಿಪ್ಪೆ ನೂರ್‌ಜಾನ್ ಕೈಯಲ್ಲೇ ನಿಂತಿತು. "ಯಾ ಅಲ್ಲಾ! ಮತ್ತೆ ಕಷಾಯ ಯಾಕೆ ತಂದ್ಕೊಟ್ರಿ ನೀವು? ಎಲ್ಡು ತಿಂಗ್ಳು ಇವ್ರು ಮೂಗರಂಗೆ ಕೂತಿದ್ರು. ನಮ್ ಮನೇಲಿ ಒಂದು ನಗು ಇರ್ಲಿಲ್ಲ. ಬ್ಯಾಡ ಜೀ, ಇವ್ರು ಬ್ಯಾಡ. ಬೇರೆಯವ್ರ ಕೈಲಿ ಮಾಡ್ಸಿ ಅಂತ ಡಾಕ್ಟ್ರಿಗೆ ಯೋಳಿ."

ಅವರು ಹೇಳಿದ್ದು ಸರಿಯೆಂದೇ ನನಗನ್ನಿಸಿತು. ಹೊರಡಲು ತಿರುಗಿದೆ.

"ನಿಂತ್ಕೊಳಿ ಸಿಸ್ಟರ್," ಎಂದರು ಬಾಬಣ್ಣ. ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು, ಬಸ್ಸು ಹತ್ತುವವರು ಎಲ್ಲಿಯವರೆಂದು ಅಂದಾಜು ಮಾಡುವವರ ಹಾಗೆ. "ಆವತ್ತು ಎದ್ರುಕೊಂಡು ತುಂಬುದ್ರಿ. ಇವತ್ತೂ ಎದ್ರಿಕೆ ಅದಾ?"

"ಇದೆ."

"ಎಷ್ಟು?"

"ಹೋದ ಸಲಕ್ಕಿಂತ ಹೆಚ್ಚು."

"ನೋಡೇ ನೂರಾ," ಎಂದು ಹೆಂಡತಿಯ ಕಡೆ ತಿರುಗಿದರು. "ಒಂದ್ಸಲ 'ಬ್ರೇಕು ಇಡೀಲಿಲ್ಲ' ಅಂತ ಕೆರೆ ಏರಿ ತಾವ ಬಸ್ಸು ವಾಲುಸ್ದೋನೇ ಆಮ್ಯಾಕೆ ದಿನಾ ಬ್ರೇಕು ನೋಡ್ಕೊಂಡು ಗಾಡಿ ಎತ್ತೋದು. ಒಸಾ ಡ್ರೈವರ್‌ಗೆ ಏನು ಗೊತ್ತು? ಇವ್ರೇ ಇರ್ಲಿ ಬುಡು."

ನೂರ್‌ಜಾನ್ ಒಪ್ಪಲಿಲ್ಲ. ಕಿತ್ತಲೆಯನ್ನು ಹಾಗೇ ಚೀಲಕ್ಕೆ ಹಾಕಿಕೊಂಡು ಗೋಡೆಯ ಕಡೆ ಮುಖ ಮಾಡಿದರು. ಥಿಯೇಟರಿನ ಬಾಗಿಲವರೆಗೂ ಬಂದು ನನಗೆ ಅಂದದ್ದು ಒಂದೇ ಮಾತು. "ಆ ಪೆಟ್ಗೆ ಕೂಗುದ್ರೆ ನಾನು ನಿಮ್ ಮನೇ ಮುಂದೆ ಬಂದು ಕೂಗ್ತೀನಿ."

ಬಾಬಣ್ಣ ಕಷಾಯವನ್ನು ಇಡೀ ವಾರ್ಡಿಗೆ ಕೇಳುವಂತೆ ಗಳಗಳ ಮುಕ್ಕಳಿಸಿ ಉಗಿದರು. ಸಣ್ಣ ಟ್ಯೂಬು, ಜೆಲ್ಲಿಯಿಲ್ಲ. ಮೇಘನಾ ಡಾಕ್ಟರು ಕ್ಯಾಮೆರಾ ಇರುವ ಸ್ಕೋಪಿನಲ್ಲಿ ನೋಡಿಕೊಂಡು ಎಲ್ಲಿಗೂ ತಾಗಿಸದೆ ಇಳಿಸಿದರು. ನಾನು ಗಾಳಿ ತುಂಬಿ ಮೀಟರು ಸಿಕ್ಕಿಸಿದೆ. ಇಪ್ಪತ್ತೈದು. ಬೆರಳು ಬಲೂನನ್ನು ಮುಟ್ಟಿದರೆ ಏನೂ ತುಂಬಿಲ್ಲ ಅನ್ನುತ್ತಿತ್ತು. ಇನ್ನೊಂದು ಚೂರು ಸೇರಿಸು ಎಂದು ಕೈ ಎಳೆಯುತ್ತಿತ್ತು. ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಕಿವಿಗೊಟ್ಟೆ. ಸೋರುವ ಸದ್ದಿಲ್ಲ. ಅರ್ಧ ಗಂಟೆಗೆ ನೋಡಿದರೆ ಮುಳ್ಳು ಮೂವತ್ತನಾಲ್ಕಕ್ಕೆ ಏರಿತ್ತು, ಇಳಿಸಿದೆ. ಮತ್ತರ್ಧ ಗಂಟೆಗೆ ಮತ್ತೆ. ಟ್ಯೂಬು ತೆಗೆಯುವಾಗ ಅವರು ಒಂದೇ ಒಂದು ಸಲ ಕೆಮ್ಮಿದರು.

"ಬಾಬಣ್ಣ, ಹೆಸರು ಹೇಳಿ," ಎಂದರು ಡಾಕ್ಟರು.

ಕಣ್ಣು ಬಿಟ್ಟರು. ಬಾಯಿ ಬಿಡಲಿಲ್ಲ.

"ಗಂಟಲು ನೋವಿದೆಯಾ?" ಬೆರಳು ಆಡಿಸಿ ಇಲ್ಲ ಎಂದರು. "ಮತ್ತೆ ಮಾತಾಡಿ." ತಲೆ ಅಲ್ಲಾಡಿಸಿದರು. ಔಷಧದ ಮತ್ತು ಪೂರ್ತಿ ಇಳಿದಿಲ್ಲವೇನೋ ಎಂದು ಬಿಟ್ಟೆವು. ಸಂಜೆಯೂ ಇಲ್ಲ. ಮರುದಿನ ಗಂಜಿ ಕುಡಿದರು, ಓಡಾಡಿದರು, ಮಾತಿಲ್ಲ. ಡಾಕ್ಟರು ಟಾರ್ಚು ಹಾಕಿ ಬಾಯಿ ನೋಡಿದರು. ಕೆಂಪಿಲ್ಲ, ಊತವಿಲ್ಲ. "ಕಾಣೋವಷ್ಟರಲ್ಲಿ ಎಲ್ಲಾ ಸರಿಯಿದೆ ಸಿಸ್ಟರ್. ಯಾಕೆ ಅಂತ ನಂಗೂ ಗೊತ್ತಾಗ್ತಿಲ್ಲ." ಮೂರನೆಯ ದಿನ ಕೈಸನ್ನೆಯಲ್ಲೇ ಸಲಾಮು ಹೇಳಿ ಮನೆಗೆ ಹೋದರು. ನೂರ್‌ಜಾನ್ ನನ್ನ ಮುಂದೆ ಹಾದು ಹೋದರು, ನೋಡಲಿಲ್ಲ.

ಆ ದಿನಗಳಲ್ಲಿ ನಾನು ಆ ಒಂದು ಕೆಮ್ಮನ್ನೇ ನೆನೆದುಕೊಳ್ಳುತ್ತಿದ್ದೆ. ಅದರಲ್ಲಿ ಸ್ವರವಿತ್ತೇ, ಬರೀ ಗಾಳಿಯೇ? ಒಮ್ಮೆ ಇತ್ತು ಅನ್ನಿಸುವುದು, ಒಮ್ಮೆ ಇಲ್ಲ. ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ನೂರ್‌ಜಾನ್‌ಗೆ ಫೋನು ಮಾಡಿದರೆ, "ಬಾಯೇ ಬುಡ್ತಿಲ್ಲ," ಎಂದು ಇಟ್ಟುಬಿಟ್ಟರು.

ಆರನೆಯ ದಿನ ತರಕಾರಿ ತರುತ್ತೇನೆಂದು ಮನೆಯಲ್ಲಿ ಹೇಳಿ, ಚೀಲ ಹಿಡಿದು, ಶ್ರೀರಂಗಪಟ್ಟಣದಿಂದ ಬೆಳಗಿನ ಬಸ್ಸು ಹತ್ತಿ ಪಾಂಡವಪುರದಲ್ಲಿ ಇಳಿದೆ. ಸ್ಟ್ಯಾಂಡಿನ ಕಂಬಕ್ಕೆ ಪೆಟ್ಟಿಗೆ ಕಟ್ಟಿತ್ತು. ಹೊಸ ಪ್ಲಾಸ್ಟಿಕ್ ಹೊದಿಕೆಯನ್ನು ಇನ್ನೂ ತೆಗೆದಿರಲಿಲ್ಲ. ಓನರು ಅದರ ತಂತಿ ಹಿಡಿದು ನಿಂತಿದ್ದರು. ನೂರ್‌ಜಾನ್ ಕಲ್ಲು ಬೆಂಚಿನ ಮೇಲೆ ಕೂತಿದ್ದರು. ನಾಗಮಂಗಲದ ಬಸ್ಸಿನ ಬಾಗಿಲಲ್ಲಿ ಬಾಬಣ್ಣ, ಒಂದು ಕೈ ಕಂಬಿಗೆ, ಒಂದು ಕೈ ಹೊಟ್ಟೆಗೆ. ನನ್ನನ್ನು ನೋಡಿದರು. ತುಟಿ ಬಿಗಿದೇ ಇತ್ತು.

"ಏನಪ್ಪಾ, ಟೈಮಾಯ್ತು. ಒತ್ಲಾ ಗುಂಡೀನಾ?" ಎಂದರು ಓನರು.

ಬಾಬಣ್ಣ ತಡೆಯಿರಿ ಎಂದು ಕೈ ತೋರಿದರು. ಟವೆಲಿನಿಂದ ಬಾಯಿ ಒರೆಸಿಕೊಂಡರು. ಉಸಿರೆಳೆದುಕೊಂಡರು.

"ಜಕ್ಕನಳ್ಳೀ ನಾಗ್‌ಮಂಗ್ಲಾ ನಾಗ್‌ಮಂಗ್ಲಾ ನಾಗ್‌ಮಂಗ್ಲಾಆಆ!"

ಎಲ್ಲೂ ಸೀಳಲಿಲ್ಲ. ಟೀ ಅಂಗಡಿಯವನು ಲೋಟ ಹಿಡಿದೇ ಹೊರಗೆ ಬಂದ. "ಬಂದ್ಬುಟ್ಟ ಕಣ್ಲಾ ನಮ್ ಬಾಬಣ್ಣ!" ನೂರ್‌ಜಾನ್ ಎದ್ದು ಬಂದು ಚೀಲದಿಂದ ಗಂಡನ ತೋಳಿಗೆ ಒಂದು ಏಟು ಹಾಕಿದರು. "ಮನೇಲಿ ಒಂದೇ ಒಂದು ಮಾತು ಆಡುದ್ರೆ ಏನಾಯ್ತಿತ್ತು ಜೀ ನಿಮ್ಗೆ? ಐದು ದಿನ ನನ್ ಜೀವ ತೆಗ್ದುಬುಟ್ರಲ್ಲ!"

"ಬೋಣಿ ಕಣೇ! ಒಸಾ ಗಂಟ್ಲು. ಆಸ್ಪತ್ರೇಲಿ 'ಮಹಬೂಬು' ಅಂತ, ಮನೇಲಿ 'ಉಪ್ಪು ಕೊಡು' ಅಂತ ಬೋಣಿ ಮಾಡಕ್ಕಾಯ್ತದಾ? ಇಲ್ಲೇ ಆಗ್ಬೇಕಿತ್ತು."

"ಹೇಳ್ಬೋದಿತ್ತಲ್ಲ!"

"ಏಳುದ್ರೆ ಬೋಣಿ ಆಗೋಯ್ತದಲ್ಲೇ!"

ಓನರು ತಂತಿಯನ್ನು ಕೈಯಿಂದ ಬಿಟ್ಟಿರಲಿಲ್ಲ. ಅವರು ಬಸ್ಸಿನ ಬಾಗಿಲನ್ನೇ ನೋಡುತ್ತಿದ್ದರು. ಆಗ ನಾನೂ ನೋಡಿದೆ. ಕೂಗಿಗೆ ಎಲ್ಲರೂ ತಿರುಗಿದ್ದರು, ನಕ್ಕಿದ್ದರು, ಆದರೆ ಯಾರೂ ಎದ್ದಿರಲಿಲ್ಲ. ಅಲ್ಲಿದ್ದವರೆಲ್ಲ ಕೆ.ಆರ್. ಪೇಟೆಯ ಬಸ್ಸಿಗೆ ಕಾಯುವವರು. ಬೋಣಿಯ ಕೂಗು ಬರಿದಾಗಬಾರದು. ಅಂಗಡಿಯವರು ಬೆಳಗಿನ ಮೊದಲ ಗಿರಾಕಿಯನ್ನು ಎಂದೂ ಬರಿಗೈಲಿ ಕಳಿಸುವುದಿಲ್ಲ. ಬಾಬಣ್ಣನ ಮುಖದ ನಗು ಹಾಗೇ ನಿಂತು, ಸ್ವಲ್ಪ ಸಣ್ಣದಾಯಿತು.

ನಾಗಮಂಗಲದಲ್ಲಿ ನನಗೆ ಅಂದು ಕೆಲಸವಿರಲಿಲ್ಲ, ನೆಂಟರೂ ಇಲ್ಲ. ಮನೆಯಲ್ಲಿ ಹತ್ತು ಗಂಟೆಗೆ ಬರುತ್ತೇನೆಂದಿದ್ದೆ. ಖಾಲಿ ಚೀಲವನ್ನು ಮಡಿಸಿ ಕಂಕುಳಲ್ಲಿ ಇಟ್ಟುಕೊಂಡು ಬಾಬಣ್ಣನ ಪಕ್ಕದಿಂದ ಮೆಟ್ಟಿಲು ಹತ್ತಿ, ಕಿಟಕಿಯ ಪಕ್ಕ ಕೂತೆ.

"ಎಲ್ಲಿಗಮ್ಮ?" ಎಂದ ಕಂಡಕ್ಟರು.

"ನಾಗಮಂಗಲ," ಎಂದೆ.